ಥಂಡಿ ಮ್ಯಾಲೆ ಗೂಬಿ ಕೂರಿಸಬ್ಯಾಡ

ತಮ್ಮಾ, ಗಂಗಾವತ್ಯಾಗ ಹಳೇ ಮಾರುತಿ 800 ತಗೊಂಡೀ ಅಂತ ಕೇಳಿ ಖುಷಿ ಆತು. ಕೆಎ-36 ಅಂದ್ರ ರಾಯಚೂರು ಪಾಸಿಂಗ್. ನಮ್ಮ ಕೊಪ್ಪಳ ಜಿಲ್ಲಾ ಆಗಿದ್ದು 1997ರಾಗ, ನಿನ್ನ ಗಾಡಿ ಅದಕ್ಕೂ ಹಿಂದಿಂದು. ಮೂರು ಸಿಲಿಂಡರು, 796 ಸಿಸಿ, ಕಾರ್ಬೊರೇಟರು. ಕಂಪ್ಯೂಟರ್ ಹಚ್ಚಿ ನೋಡೋ ತ್ರಾಸಿಲ್ಲ, ಕಣ್ಣು ಕಿವಿ ಇದ್ದವರಿಗೆಲ್ಲ ರಿಪೇರಿ ತಿಳೀತೈತಿ.

ಈಗ ಮುಂಜಾನೆ ಸೆಲ್ಫ್ ಹೊಡದ್ರ ಚಾಲೂ ಆಗವಲ್ದು, ಮಧ್ಯಾಹ್ನ ಆದ್ರ ಒಂದ ಹೊಡತಕ್ಕ ಆಗ್ತೈತಿ ಅಂತೀ. ಓಣ್ಯಾಗ ಒಬ್ಬರು ಬ್ಯಾಟರಿ ಬದಲಿಸು ಅಂದ್ರಂತ, ಇನ್ನೊಬ್ಬರು ಕಾರ್ಬೊರೇಟರ್ ಹೋಗೈತಿ ಅಂದ್ರಂತ, ಮತ್ತೊಬ್ಬರು ತೆಳ್ಳನ್ನ ಇಂಜಿನ್ ಆಯಿಲ್ ಹಾಕಿಸು ಅಂದ್ರಂತ. ಮೂರೂ ಮಾಡಿಸಿದ್ರ ಗಾಡಿ ತಗೊಂಡಷ್ಟ ರೊಕ್ಕ ಮತ್ತ ಹೋಗ್ತೈತಿ. ರೊಕ್ಕ ಬಿಚ್ಚೂ ಮೊದಲು ನನ್ನ ಮಾತು ಕೇಳು.

ನಮ್ಮ ಕಡೆ ಪುಷ್ಯ ಮಾಸದ ನಸುಕಿನ್ಯಾಗ ಥಂಡಿ ಅಂದ್ರ 15 ಡಿಗ್ರಿ ಆಸುಪಾಸು. ನಿನ್ನ ಗಾಡ್ಯಾಗಿರೋ 20ಡಬ್ಲ್ಯು-40 ಆಯಿಲ್ ಐತಲ್ಲ, ಅದರ ಥಂಡಿ ಪರೀಕ್ಷೆ ನಡೆಯೋದು ಶೂನ್ಯಕ್ಕಿಂತ 15 ಡಿಗ್ರಿ ಕೆಳಗ. ಕೊಪ್ಪಳದ ಚಳಿಗೆ ಅದು ಗಟ್ಟಿ ಆಗಿ ಇಂಜಿನ್ ಹಿಡಕೊಳ್ತೈತಿ ಅನ್ನೋದು ಸುಳ್ಳು. ಹಂಗಾರ ಮುಂಜಾನೆ ಮಾತ್ರ ಯಾಕ ಹಟ ಮಾಡ್ತೈತಿ? ವರ್ಷಾನುಗಟ್ಟಲೆ ಒಳಗ ಬಲಹೀನ ಆಗಿರೋದನ್ನ ಥಂಡಿ ಚಾಡಿಕೋರನಂಗ ಹೊರಗ ಹಾಕ್ತೈತಿ, ಅಷ್ಟ. ತಪ್ಪು ಬ್ಯಾರೆ ಕಡೆ ಇರ್ತೈತಿ.

ಬ್ಯಾಟರೀನ ತಗೋ. ಅದು ಸಾಯೋದು ಡಿಸೆಂಬರದಾಗಲ್ಲ, ಮೇ ತಿಂಗಳದಾಗ. 40 ಡಿಗ್ರಿ ದಾಟೋ ಬಿಸಿಲಾಗ ಗಾಡಿ ನಿಂತಾಗ ಬಾನೆಟ್ ಒಳಗ ಇನ್ನೂ ಹೆಚ್ಚು ಕಾವು. ಆ ಕಾವಿಗೆ ನೀರು ಆರ್ತೈತಿ, ಪ್ಲೇಟು ತಿಂದು ಹೋಗ್ತಾವ. ಬ್ಯಾಸಗ್ಯಾಗ ಇಂಜಿನ್ ಹಗುರ ತಿರಗತೈತಿ, ಅರೆಜೀವ ಬ್ಯಾಟರೀನೂ ಸಾಕಾಗ್ತೈತಿ, ಹಂಗಾಗಿ ಯಾರಿಗೂ ಗೊತ್ತಾಗೂದಿಲ್ಲ. ಥಂಡಿಯಾಗ ಬ್ಯಾಟರಿ ಒಳಗಿನ ರಸಾಯನದ ಕೆಲಸ ನಿಧಾನ ಆಗ್ತೈತಿ, ಅದ ಹೊತ್ತಿಗೆ ಇಂಜಿನ್ನೂ ಸ್ವಲ್ಪ ಭಾರ ಆಗ್ತೈತಿ. ಆಗ ಬಣ್ಣ ಬಯಲು.

ಅದಕ್ಕ ಮೊದಲು ಸಪ್ಪಳ ಕೇಳು. ಕೀ ತಿರುವಿದ್ರ ಬರೇ 'ಟಕ್' ಅಂದು ಸುಮ್ಮನಾತಂದ್ರ, ಇಲ್ಲಾ ಇಂಜಿನ್ ಎಳದಾಡಿಕೊಂತ ಒಲ್ಲದ ಮನಸಿಲೆ ತಿರಗತಂದ್ರ ಅದು ಕರೆಂಟಿನ ಕೊರತಿ. ಚಲೋ ಜೋರಾಗಿ ತಿರಗತೈತಿ ಆದ್ರ ಹಿಡಿಯವಲ್ದು ಅಂದ್ರ ಬ್ಯಾಟರಿ ಮುಟ್ಟಬ್ಯಾಡ, ತಪ್ಪು ಕಿಡಿದು ಇಲ್ಲಾ ಪೆಟ್ರೋಲಿಂದು. ಹಿಡದು ಮರುಕ್ಷಣ ಬಂದ್ ಬಿದ್ರ ಚೋಕ್ ಕಡೆ ನೋಡು.

ಕರೆಂಟಿನ ಕೊರತಿ ಅನಿಸಿದ್ರ ಒಂದು ಸಾದಾ ಮಲ್ಟಿಮೀಟರ್ ತಗೋ, ಎಲೆಕ್ಟ್ರಿಕಲ್ ಅಂಗಡ್ಯಾಗ ಸೋವಿಗೆ ಸಿಗ್ತೈತಿ. ರಾತ್ರಿ ನಿಂತ ಗಾಡಿಯ ಬ್ಯಾಟರಿ ಮುಂಜಾನೆ 12.6 ವೋಲ್ಟ್ ತೋರಿಸಿದ್ರ ಪೂರ್ತಿ ತುಂಬೈತಿ, 12.2 ಅಂದ್ರ ಅರ್ಧ. ಸೆಲ್ಫ್ ಹೊಡಿಯೂ ಮುಂದ ಇನ್ನೊಬ್ಬರು ಮೀಟರ್ ನೋಡ್ಲಿ: 9.6ಕ್ಕಿಂತ ಕೆಳಗ ಬಿದ್ರ, ಚಾರ್ಜ್ ಮಾಡಿದ ಮ್ಯಾಲೂ ಹಂಗ ಬಿದ್ರ, ಬ್ಯಾಟರಿ ಮುಗದೈತಿ. ಚಾಲೂ ಆದ ಮ್ಯಾಲೆ 13.8ರಿಂದ 14.4ರ ನಡುವ ಇರಬೇಕು. ಇಲ್ಲಾಂದ್ರ ತಪ್ಪು ಆಲ್ಟರ್ನೇಟರ್‌ದು, ಹೊಸ ಬ್ಯಾಟರಿ ತಂದು ಹಾಕಿದ್ರೂ ವಾರದಾಗ ಅದೂ ಮಲಗತೈತಿ.

ಎಲ್ಲಾರೂ ಮರೆಯೋ ಜಾಗ ಒಂದೈತಿ, ಅರ್ಥ್ ವೈರು. ಬ್ಯಾಟರಿ ನೆಗೆಟಿವ್‌ದಿಂದ ಬಾಡಿಗೆ, ಇಂಜಿನ್ನಿಗೆ ಹೋಗೋ ದಪ್ಪ ವೈರಿನ ಬೋಲ್ಟ್ ಬುಡದಾಗ ಎರಿ ಮಣ್ಣು, ಎಣ್ಣಿ, ಜಂಗು ಕೂಡಿ ಗಟ್ಟಿ ಪದರ ಆಗಿರ್ತೈತಿ. ಮೀಟರಿನ ಒಂದು ಮುಳ್ಳು ನೆಗೆಟಿವ್ ಮ್ಯಾಲೆ, ಇನ್ನೊಂದು ಇಂಜಿನ್ ಲೋಹದ ಮ್ಯಾಲೆ ಹಿಡದು ಸೆಲ್ಫ್ ಹೊಡಿಸು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದ್ರ ಆ ವೈರು ಕರೆಂಟ್ ನುಂಗಾಕತ್ತೈತಿ. ಬಿಚ್ಚು, ಮರಳು ಕಾಗದದಿಂದ ತಿಕ್ಕು, ಬಿಗಿ. ಬ್ಯಾಟರಿ ಟರ್ಮಿನಲ್ ಮ್ಯಾಲಿನ ಬಿಳೇ ಹಿಟ್ಟಿನಂಥಾದ್ದನ್ನ ಬಿಸಿನೀರಿಲೆ ತೊಳದು, ಒಣಗಿಸಿ, ವ್ಯಾಸಲೀನ್ ಹಚ್ಚು. ನೀರು ಹಾಕೋ ಬ್ಯಾಟರಿ ಆದ್ರ ಡಿಸ್ಟಿಲ್ಡ್ ನೀರ ಹಾಕು. ಬೋರಿನ ನೀರು ಮಾತ್ರ ಬ್ಯಾಡ, ನಮ್ಮ ಕುಷ್ಟಗಿ-ಯಲಬುರ್ಗಾ ಕಡೆ ಆ ನೀರಿನ ಗುಣ ನಿನಗ ಗೊತ್ತ ಐತಿ.

ಇನ್ನೊಂದು ಮಾತು. ನೀನು ದಿನಾ ಓಡಿಸೋದು ಕೊಪ್ಪಳದಿಂದ ಭಾಗ್ಯನಗರಕ್ಕ. ಅಷ್ಟು ಸಣ್ಣ ದಾರಿಯಾಗ ಸೆಲ್ಫ್ ತಿಂದ ಕರೆಂಟು ವಾಪಸ್ ತುಂಬೂದಿಲ್ಲ. ವಾರಕ್ಕೊಮ್ಮೆ ಕುಷ್ಟಗಿ ತನಕ ಹೋಗಿ ಬಾ, ಬ್ಯಾಟರಿಗೂ ಹೊಟ್ಟಿ ತುಂಬತೈತಿ, ಸೈಲೆನ್ಸರ್ ಒಳಗಿನ ನೀರೂ ಆರ್ತೈತಿ.

ಇನ್ನ ಕಿಡಿ-ಪೆಟ್ರೋಲ್ ಜಗಳ. ಹತ್ತು ಸೆಕೆಂಡ್ ಸೆಲ್ಫ್ ಹೊಡದು ಹಿಡೀಲಿಲ್ಲಾಂದ್ರ ಒಂದು ಪ್ಲಗ್ ಬಿಚ್ಚಿ ನೋಡು. ತೊಯ್ದಿದ್ರ ಪೆಟ್ರೋಲ್ ಬಂದೈತಿ, ಕಿಡಿ ಬಂದಿಲ್ಲ ಇಲ್ಲಾ ಪೆಟ್ರೋಲ್ ಓವರ್ ಆಗೈತಿ. ಒಣಗಿದ್ರ ಪೆಟ್ರೋಲ್ ಬಂದಿಲ್ಲ. ಇಷ್ಟು ಗೊತ್ತಾದ್ರ ಅರ್ಧ ರಿಪೇರಿ ಮುಗದಂಗ. ಗಂಗಾವತಿ ಕಡೆ ಗಾಡಿ ನಿಲ್ಲಿಸೋರಿಗೆ ಹೆಚ್ಚಾಗಿ ಕಿಡಿದ ತ್ರಾಸು. ತುಂಗಭದ್ರಾ ಎಡದಂಡೆ ಕಾಲುವಿ, ಭತ್ತದ ಗದ್ದಿ ನಡುವ ನಸುಕಿನ್ಯಾಗ ಇಬ್ಬನಿ ಬಿದ್ದು ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗ ಹಸಿ ಕೂಡ್ತೈತಿ, ಕಿಡಿ ಪ್ಲಗ್ಗಿಗೆ ಹೋಗೂ ಬದಲು ಕ್ಯಾಪಿನ್ಯಾಗ ಹರದಾಡ್ತೈತಿ. ಕ್ಯಾಪ್ ಬಿಚ್ಚಿ ಒಣ ಬಟ್ಟಿಯಿಂದ ಒರಸು. ಒಳಗ ಕರೀ ಗೆರಿ, ಕೂದಲೆಳಿ ಸೀಳು ಕಂಡ್ರ ಕ್ಯಾಪ್ ಬದಲಿಸು. ಮ್ಯಾಲೆ ಸುಗ್ಗಿ ಮುಗದು ಹೊಟ್ಟು ಬೀಳೋ ಹೊತ್ತಿಗೆ ಇಲಿಗಳು ಇಂಜಿನ್ ಬೆಚ್ಚಗೈತಿ ಅಂತ ಒಳಗ ಹೊಕ್ಕು ಪ್ಲಗ್ ವೈರ್ ಕಡೀತಾವ. ರಾತ್ರಿ ಕತ್ತಲಾಗ ಬಾನೆಟ್ ಎತ್ತಿ ಇಂಜಿನ್ ಚಾಲೂ ಇಟ್ಟು ನೋಡು, ವೈರ್ ಎಲ್ಲಿ ಸೋರತೈತೋ ಅಲ್ಲಿ ನೀಲಿ ಕಿಡಿ ಕಾಣ್ತೈತಿ. ಮುಟ್ಟಬ್ಯಾಡ ಮತ್ತ! ಪ್ಲಗ್ಗಿನ ಬಾಯಿ ಅಂತರ 0.7ರಿಂದ 0.8 ಮಿಲಿಮೀಟರ್ ಇರಲಿ. ಸವೆದು ಅಗಲ ಆದ ಪ್ಲಗ್ ಬಿಸಿ ಇಂಜಿನ್ನಿನ್ಯಾಗ ಕೆಲಸ ಕೊಡ್ತೈತಿ, ಥಂಡಿಯಾಗ ಕೊಡೂದಿಲ್ಲ.

ಕುಷ್ಟಗಿ, ಯಲಬುರ್ಗಾ ಎರಿ ಹೊಲದ ದಾರಿಯಾಗ ಓಡೋ ಗಾಡಿಗೆ ಧೂಳಿನ ಕಾಟ. ಏರ್ ಫಿಲ್ಟರ್ ಮಣ್ಣಾಗಿ ಮುಚ್ಚಿದ್ರ ಚೋಕ್ ಎಳದ ಕೂಡ್ಲೆ ಪೆಟ್ರೋಲ್ ಓವರ್ ಆಗಿ ಪ್ಲಗ್ ತೊಯ್ತಾವ. ಫಿಲ್ಟರ್ ಜಾಡಿಸಿ ಹಾಕೋದು ಒಮ್ಮೆ ಎರಡು ಸಲ ಸರಿ, ಆಮ್ಯಾಲೆ ಹೊಸದು ತಗೊಳ್ಳೋದ ಚಲೋ.

ಚೋಕ್ ಬಗ್ಗೆ ಬಿಡಿಸಿ ಹೇಳ್ತೀನಿ, ಹೊಸಾ ಹುಡುಗರಿಗೆ ಇದರ ರೂಢಿ ತಪ್ಪಿ ಹೋಗೈತಿ. ಥಂಡಿಯಾಗ ಪೆಟ್ರೋಲ್ ಚಲೋ ಆವಿ ಆಗೂದಿಲ್ಲ, ಹನಿ ಹನಿಯಾಗಿ ಗ್ವಾಡಿಗೆ ಅಂಟತೈತಿ. ಚೋಕ್ ಗಾಳಿ ಕಡಿಮಿ ಮಾಡಿ ಪೆಟ್ರೋಲ್ ಹೆಚ್ಚು ಎಳಸ್ತೈತಿ. ಪೂರ್ತಿ ಎಳಿ, ಆಕ್ಸಿಲೇಟರ್ ಮ್ಯಾಲೆ ಕಾಲಿಡಬ್ಯಾಡ, ಸೆಲ್ಫ್ ಹೊಡಿ. ಹಿಡದ ಮ್ಯಾಲೆ ಅರ್ಧಕ್ಕ ತಳ್ಳು, ಇಂಜಿನ್ ಬೆಚ್ಚಗಾದಂಗ ಪೂರ್ತಿ ಒಳಗ. ನಾಬ್ ಹೊರಗ ಬಂದ್ರೂ ಚೋಕ್ ಬಿದ್ದಿರೂದಿಲ್ಲ ಎಷ್ಟೋ ಸಲ. ಕೇಬಲ್ ಸಡಲಾಗಿರ್ತೈತಿ. ಫಿಲ್ಟರ್ ಮುಚ್ಚಳ ತಗದು, ಒಬ್ಬರು ನಾಬ್ ಎಳದಾಗ ಕಾರ್ಬೊರೇಟರ್ ಬಾಯಿಯ ತಗಡು ಪೂರ್ತಿ ಮುಚ್ಚತೈತೋ ಇಲ್ಲೋ ಕಣ್ಣಾರೆ ನೋಡು. ನಿನ್ನ ಗಾಡಿ ತ್ರಾಸು ಇದ ಇರಬೇಕು ಅಂತ ನನಗ ಅನಸ್ತೈತಿ. ಪೆಟ್ರೋಲ್ ವಾಸನಿ ಘಮ್ ಅಂತ ಬಂದ್ರ ಓವರ್ ಆಗೈತಿ ಅಂತ ತಿಳಕೋ. ಚೋಕ್ ಒಳಗ ತಳ್ಳಿ, ಆಕ್ಸಿಲೇಟರ್ ಪೂರ್ತಿ ಒತ್ತಿ ಹಿಡದು ಸೆಲ್ಫ್ ಹೊಡಿ. ಪಂಪ್ ಮಾಡಿದ್ರ ಇನ್ನಷ್ಟು ತೊಯ್ತೈತಿ.

ಈಗಿನ ಬಂಕಿನ ಪೆಟ್ರೋಲೂ ಹಳೇದಲ್ಲ. 2025ರ ಹೊತ್ತಿಗೆ ದೇಶದಾಗ ನೂರಕ್ಕ 20 ಪಾಲು ಎಥನಾಲ್ ಬೆರಸೋದು ಬಂತು. ತೂಕಕ್ಕ ತೂಕ ನೋಡಿದ್ರ ಎಥನಾಲ್ ಆವಿ ಆಗಾಕ ಪೆಟ್ರೋಲಿಗಿಂತ ಎರಡು ಪಟ್ಟು ಮೀರಿ ಕಾವು ಬೇಕು. ಅದರಾಗ ಆಮ್ಲಜನಕ ಬ್ಯಾರೆ ಇರ್ತೈತಿ, ಅದಕ್ಕ ತಕ್ಕಂಗ ಪೆಟ್ರೋಲ್ ಹೆಚ್ಚಿಗಿ ಬಿಡಬೇಕು. ಹೊಸಾ ಗಾಡಿ ಕಂಪ್ಯೂಟರ್ ತಾನ ಸರಿ ಮಾಡಿಕೊಳ್ತೈತಿ, ನಿನ್ನ ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ. ಹಳೇ ಟ್ಯೂನಿಂಗಿನ ಗಾಡಿ ಮುಂಜಾನೆ ತಡವರಿಸೋದಕ್ಕ ಇದೂ ಒಂದು ಕಾರಣ. ಮಿಸ್ತ್ರಿಗೆ ಹೇಳಿ ಮಿಕ್ಸ್ಚರ್ ಒಂದಿಷ್ಟು ಸರಿ ಮಾಡಿಸು. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಈ ಪೆಟ್ರೋಲಿಗೆ ಮೆತ್ತಗಾಗ್ತಾವ, ಅವನ್ನ ಬದಲಿಸೋದು ಬೆಂಕಿ ಅಪಾಯ ತಪ್ಪಿಸಿದಂಗೂ ಹೌದು.

ನಿಮ್ಮ ಕಾಕಾನ ಇಂಜೆಕ್ಷನ್ ಗಾಡಿಗೂ ಒಂದು ಮಾತು ಹೇಳಿ ಬಿಡ್ತೀನಿ. ಕೀ ಹಾಕಿ ಮೂರು ಸೆಕೆಂಡ್ ತಡಿ ಅನ್ನು, ಪಂಪು ಒತ್ತಡ ಕಟ್ಟತೈತಿ. ಹಂಗ ಎರಡು-ಮೂರು ಸಲ ಕೀ ಹಾಕಿ ತಗದಾಗ ಮಾತ್ರ ಚಾಲೂ ಆಗೋದಾದ್ರ ರಾತ್ರಿ ಒತ್ತಡ ಇಳೀತೈತಿ ಅಂತ ಅರ್ಥ. ಇಲ್ಲಾಂದ್ರ ನೀರಿನ ಟೆಂಪರೇಚರ್ ಸೆನ್ಸರ್ ನೋಡಿಸು, ಅದು ಸುಳ್ಳು ಹೇಳಿದ್ರ ತಣ್ಣಗಿನ ಇಂಜಿನ್ನಿಗೆ ಬಿಸಿ ಇಂಜಿನ್ನಿನಷ್ಟ ಪೆಟ್ರೋಲ್ ಹೋಗ್ತೈತಿ. ಡೀಸೆಲ್ ಸುಮೋ, ಜೀಪು ಇದ್ದವರು ಹೀಟರ್ ಪ್ಲಗ್ ನೋಡಿಸಬೇಕು, ಬಿಳೇ ಹೊಗಿ ಬಂದ್ರ ಡೀಸೆಲ್ ಉರೀದ ಹೊರಗ ಬರಾಕತ್ತೈತಿ. ಹೀಟರ್ ಸರಿ ಇದ್ರ ಲೈನಿನ್ಯಾಗ ಏರ್ ತಗೊಂಡಿರ್ತೈತಿ, ಹ್ಯಾಂಡ್ ಪಂಪ್ ಹೊಡದು ಏರ್ ತಗಸು.

ಕಾರ್ಬೊರೇಟರ್ ಬಾಯಿಗೆ ಬಾಟ್ಲಿಲೆ ಪೆಟ್ರೋಲ್ ಸುರುವೋರು ಬಂದ್ರ ಗಾಡಿ ಹತ್ತರ ಬಿಡಬ್ಯಾಡ. ಬ್ಯಾಕ್‌ಫೈರ್ ಆದ್ರ ಮೀಸಿ ಅಷ್ಟ ಸುಡೂದಿಲ್ಲ. ಮುಚ್ಚಿದ ಶೆಡ್ಡಿನ್ಯಾಗ ಚಾಲೂ ಇಟ್ಟು ಬೆಚ್ಚಗ ಮಾಡಾಕ ಹೋಗಬ್ಯಾಡ, ಆ ಹೊಗಿಯೊಳಗಿನ ವಿಷದ ಗ್ಯಾಸು ವಾಸನಿ ಇಲ್ಲದ ಜೀವ ತಗೀತೈತಿ. ಗವಿಮಠದ ಜಾತ್ರಿಗೆ ಬೀಗರನ್ನ ಕರಕೊಂಡು ಬರಬೇಕಲ್ಲ ನೀನು? ಅದಕ್ಕೂ ಮೊದಲ ಒಂದು ಐತವಾರ ಬಾನೆಟ್ ಎತ್ತು. ಅರ್ಥ್ ವೈರು, ಟರ್ಮಿನಲ್, ಕ್ಯಾಪ್, ಪ್ಲಗ್, ಚೋಕ್ ಕೇಬಲ್ ನೋಡಿದ ಮ್ಯಾಲೆ ಬೇಕಾದ್ರ ಬ್ಯಾಟರಿ ಅಂಗಡಿಗೆ ಹೋಗು.