ಒಟಿಪಿ ಹೇಳಿದರೆ ಸಹಿ ಹಾಕಿದಂತೆ

ಜುಲೈ ಕೊನೆಯ ವಾರ ಬಂತೆಂದರೆ ಕರಾವಳಿಯ ಎಷ್ಟೋ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ಫೋನು ಹೊಡೆದುಕೊಳ್ಳುತ್ತದೆ. "ಅಪ್ಪಾ, ಈಗ ಒಂದು ಒಟಿಪಿ ಬರ್ತದೆ, ಬೇಗ ಹೇಳಿ." ಮಗ ದುಬೈಯಲ್ಲಿದ್ದಾನೆ. ಅವನ ಊರಿನ ಸಿಮ್ ಅಪ್ಪನ ಫೋನಿನಲ್ಲಿದೆ. ಆದಾಯ ತೆರಿಗೆ ರಿಟರ್ನ್ ತುಂಬುತ್ತಿರುವುದು ಪೇಟೆಯ ಸೈಬರ್ ಅಂಗಡಿಯ ಹುಡುಗ, ಇಲ್ಲವೆ ಬೆಂಗಳೂರಿನ ಭಾವನ ಗೆಳೆಯ. ಅಪ್ಪ ಕನ್ನಡಕ ಹುಡುಕಿ ಆರು ಅಂಕಿ ಓದುತ್ತಾರೆ, ಅಲ್ಲಿಗೆ ಕೆಲಸ ಮುಗಿಯಿತು. ಒಳಗೆ ಏನು ತುಂಬಿದೆ ಎಂಬುದು ಮೂವರಲ್ಲಿ ಇಬ್ಬರಿಗೆ ಗೊತ್ತಿಲ್ಲ. ಆದರೆ ಕಾನೂನಿನ ಲೆಕ್ಕದಲ್ಲಿ ಆ ರಿಟರ್ನಿಗೆ ಸಹಿ ಹಾಕಿದವನು ದುಬೈಯ ಮಗನೇ. ತಪ್ಪಿದ್ದರೆ ನೋಟಿಸು ಬರುವುದೂ ಅವನ ಹೆಸರಿಗೇ.

ಪರದೇಶದಲ್ಲಿರುವವರು ಊರಿನ ತೆರಿಗೆ ಕೆಲಸಕ್ಕೆ ಸಹಾಯ ಪಡೆಯುವುದು ತಪ್ಪಲ್ಲ, ಕಾನೂನೇ ಅದಕ್ಕೆ ದಾರಿ ಇಟ್ಟಿದೆ. ಆ ದಾರಿ ಹಿಡಿಯದೆ ಪಾಸ್‌ವರ್ಡನ್ನೇ ಕೈಗಿಡುವುದು ನಮ್ಮ ರೂಢಿಯಾಗಿಬಿಟ್ಟಿದೆ.

ಸಹಾಯ ಕೇಳುವ ಮೊದಲು ನೀವೇ ಲೆಕ್ಕ ಹಾಕಬೇಕಾದ್ದು ಒಂದಿದೆ: ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಷ್ಟು ದಿನ ಭಾರತದಲ್ಲಿದ್ದಿರಿ? ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ಎಣಿಸಿ. 182 ದಿನ ಅಥವಾ ಅದಕ್ಕಿಂತ ಹೆಚ್ಚಾದರೆ ನೀವು ತೆರಿಗೆಯ ದೃಷ್ಟಿಯಲ್ಲಿ ನಿವಾಸಿ. ಕೆಲಸಕ್ಕೆಂದು ಹೊರಗೆ ಹೋದ ವರ್ಷಕ್ಕೂ ರಜೆಗೆ ಬಂದುಹೋಗುವ ಭಾರತೀಯರಿಗೂ ಸಾಮಾನ್ಯವಾಗಿ ಇದೇ ಅಳತೆ. ಹಾಗೆ ಬಂದುಹೋಗುವವರಲ್ಲಿ ಊರಿನ ಆದಾಯ 15 ಲಕ್ಷ ರೂಪಾಯಿ ದಾಟುವವರಿಗೆ ಮಾತ್ರ ನಿಯಮ ಬಿಗಿ: ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿ ಇದ್ದಿದ್ದರೆ ಈ ವರ್ಷದ 120 ದಿನವೇ ಸಾಕು. ಕೊಲ್ಲಿಯಂತೆ ತೆರಿಗೆಯೇ ಇಲ್ಲದ ನಾಡಿನಲ್ಲಿರುವ ಭಾರತೀಯ ಪ್ರಜೆಯ ಊರಿನ ಆದಾಯ 15 ಲಕ್ಷ ಮೀರಿದರೆ ಅವನನ್ನೂ ನಿವಾಸಿ ಎಂದೇ ಪರಿಗಣಿಸುತ್ತಾರೆ, ಆದರೆ ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಹಾಕುವುದಿಲ್ಲ. ಈ ದಿನಗಳ ಲೆಕ್ಕ ಕೇಳದೆ ರಿಟರ್ನ್ ತುಂಬಲು ಕೂರುವವರನ್ನು ನಂಬಬೇಡಿ. ಸಂಬಳದಾರರಿಗೆ ತುಂಬಿಕೊಟ್ಟು ಅಭ್ಯಾಸವಾದ ಕೈ ನೇರ 'ಸಹಜ್' ಎಂಬ ಐಟಿಆರ್-1ಕ್ಕೇ ಹೋಗುತ್ತದೆ, ಅನಿವಾಸಿಗಳು ಅದನ್ನು ಬಳಸುವಂತೆಯೇ ಇಲ್ಲ. ಬಾಡಿಗೆ, ಬಡ್ಡಿ, ಆಸ್ತಿ ಮಾರಾಟದ ಲಾಭ ಇದ್ದವರಿಗೆ ಐಟಿಆರ್-2. ವ್ಯಾಪಾರದ ಆದಾಯವಿದ್ದರೆ ಐಟಿಆರ್-3.

ಇನ್ನೊಂದು ಗುಂಡಿ ಇದೆ, ಓದಿಕೊಂಡವರೂ ಅದರಲ್ಲಿ ಬೀಳುತ್ತಾರೆ. 12 ಲಕ್ಷದವರೆಗೆ ತೆರಿಗೆಯೇ ಇಲ್ಲ ಎಂಬ ಸುದ್ದಿ ಎಲ್ಲರ ಕಿವಿಗೂ ಬಿದ್ದಿದೆ. ಆದರೆ ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಊರಿನ ಆದಾಯ ಇಡುವ ಎನ್‌ಆರ್‌ಒ ಖಾತೆಯ ಠೇವಣಿಯಿಂದ ವರ್ಷಕ್ಕೆ 10 ಲಕ್ಷ ಬಡ್ಡಿ ಬರುವ ಅನಿವಾಸಿ ಹೊಸ ತೆರಿಗೆ ಪದ್ಧತಿಯಲ್ಲಿ, ಸೆಸ್ ಸೇರಿ, 41,600 ರೂಪಾಯಿ ಕಟ್ಟಬೇಕು. ಅವರ ಪಕ್ಕದ ಮನೆಯವರು ಅಷ್ಟೇ ಬಡ್ಡಿಗೆ ಒಂದು ಪೈಸೆಯೂ ಕಟ್ಟಬೇಕಿಲ್ಲ. ಇದು ನ್ಯಾಯವೇ ಎಂದರೆ ನನಗೂ ಅಷ್ಟಾಗಿ ಒಪ್ಪಿಗೆಯಿಲ್ಲ. ಆದರೆ ಕಾಯ್ದೆ ಇರುವುದು ಹಾಗೆ. ಪರದೇಶದ ಗಳಿಕೆ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ಮಾತ್ರ ವಿನಾಯಿತಿ ಇದೆ.

ಹಾಗೆಂದು ರಿಟರ್ನ್ ಎಂದರೆ ಬರೀ ಹೊರೆ ಎಂದುಕೊಳ್ಳಬೇಡಿ. ಕುಂದಾಪುರದ ಒಬ್ಬರು ಮನೆಯನ್ನು ತಿಂಗಳಿಗೆ 25,000 ರೂಪಾಯಿಗೆ ಬಾಡಿಗೆ ಕೊಟ್ಟು ಹೋಗಿದ್ದಾರೆ, ಜೊತೆಗೆ ಎನ್‌ಆರ್‌ಒ ಖಾತೆಯಲ್ಲಿ ವರ್ಷಕ್ಕೆ ಲಕ್ಷ ರೂಪಾಯಿ ಬಡ್ಡಿ ಎಂದುಕೊಳ್ಳಿ. ಅನಿವಾಸಿಗೆ ಹೋಗುವ ಹಣವಾದ್ದರಿಂದ ಬಾಡಿಗೆದಾರ ಮತ್ತು ಬ್ಯಾಂಕು ಇಬ್ಬರೂ ನೂರಕ್ಕೆ 31.20ರಂತೆ ಮೂಲದಲ್ಲೇ ತೆರಿಗೆ (ಟಿಡಿಎಸ್) ಹಿಡಿಯಬೇಕು. ಬಾಡಿಗೆಯಲ್ಲಿ 93,600, ಬಡ್ಡಿಯಲ್ಲಿ 31,200, ಒಟ್ಟು 1,24,800 ರೂಪಾಯಿ ಸರ್ಕಾರಕ್ಕೆ ಹೋಯಿತು. ಬಾಡಿಗೆಯಲ್ಲಿ ಕಾಯ್ದೆಯೇ ಬಿಡುವ ಶೇ. 30 ಕಳೆದು ಬಡ್ಡಿ ಸೇರಿಸಿದರೆ ಇವರ ಆದಾಯ 3,10,000. ಅದು ಹೊಸ ಪದ್ಧತಿಯಲ್ಲಿ ತೆರಿಗೆ ಬೀಳದ 4 ಲಕ್ಷದ ಮಿತಿಯ ಒಳಗೇ ಇದೆ. ಅಂದರೆ ತೆರಿಗೆ ಸೊನ್ನೆ, ಕಡಿತವಾದ ಅಷ್ಟೂ ಹಣ ಇವರದೇ. ಆದರೆ ರಿಟರ್ನ್ ಹಾಕದಿದ್ದರೆ ಅದು ವಾಪಸು ಬರುವುದಿಲ್ಲ.

ಈಗ ಸಹಾಯದ ಮಾತು. ನಮ್ಮಲ್ಲಿ 'ಆಡಿಟರ್' ಎಂದು ಕರೆಯುವ ಚಾರ್ಟರ್ಡ್ ಅಕೌಂಟೆಂಟ್ ನಿಮ್ಮ ರಿಟರ್ನ್ ಸಿದ್ಧಪಡಿಸಬಹುದು. ಇಲಾಖೆಯ ಇ-ಫೈಲಿಂಗ್ ತಾಣದಲ್ಲಿ ಅವರನ್ನು ನಿಮ್ಮ ಸಿಎ ಎಂದು ಸೇರಿಸಿಕೊಳ್ಳುವ ವ್ಯವಸ್ಥೆ ಇದೆ, ಪಾಸ್‌ವರ್ಡ್ ಕೊಡುವ ಅಗತ್ಯ ಬೀಳುವುದಿಲ್ಲ. ಕೊನೆಯ ದೃಢೀಕರಣ ಮಾತ್ರ ನಿಮ್ಮ ಕೈಯಲ್ಲಿರಲಿ. ಅದಕ್ಕೆ ಊರಿನ ಸಿಮ್ ಬೇಕೇಬೇಕು ಎಂದೇನಿಲ್ಲ. ಆಧಾರ್ ಒಟಿಪಿಯ ಬದಲು ನೆಟ್‌ಬ್ಯಾಂಕಿಂಗ್ ಮೂಲಕ ಒಳಹೊಕ್ಕು ದೃಢೀಕರಿಸಬಹುದು. ಅದೂ ಆಗದಿದ್ದರೆ ಐಟಿಆರ್-ವಿ ಎಂಬ ಹಾಳೆಯನ್ನು ಮುದ್ರಿಸಿ, ಸಹಿ ಮಾಡಿ, ಇಲಾಖೆಯ ಬೆಂಗಳೂರಿನ ಸಂಸ್ಕರಣಾ ಕೇಂದ್ರಕ್ಕೆ (ಸಿಪಿಸಿ) ಅಂಚೆಯಲ್ಲಿ ಕಳಿಸಬಹುದು. ಇಡೀ ದೇಶದ ರಿಟರ್ನುಗಳ ಸಂಸ್ಕರಣೆ ನಡೆಯುವುದು ನಮ್ಮ ಬೆಂಗಳೂರಿನಲ್ಲೇ. ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ಆ ಹಾಳೆ ಅಲ್ಲಿಗೆ ಮುಟ್ಟಬೇಕಾದ್ದರಿಂದ ಪರದೇಶದ ಅಂಚೆಯ ಓಟ ನೋಡಿಕೊಂಡು ಕಳಿಸಿ.

ನಿಮ್ಮಿಂದ ಇದ್ಯಾವುದೂ ಆಗದು, ಅಪ್ಪನೋ ಅಕ್ಕನೋ ಎಲ್ಲವನ್ನೂ ನೋಡಿಕೊಳ್ಳಲಿ ಎಂದಾದರೆ ಅದಕ್ಕೂ ದಾರಿ ಇದೆ. ದೇಶದಲ್ಲಿ ಇಲ್ಲದವರ ಪರವಾಗಿ ಅಧಿಕಾರ ಪಡೆದ ವ್ಯಕ್ತಿ ರಿಟರ್ನ್ ದೃಢೀಕರಿಸಬಹುದು ಎಂದು ಕಾಯ್ದೆಯೇ ಹೇಳುತ್ತದೆ. ಇದಕ್ಕೆ ಪವರ್ ಆಫ್ ಅಟಾರ್ನಿ ಬೇಕು. ಆಸ್ತಿ ಮಾರುವ ಅಧಿಕಾರವನ್ನೂ ಸೇರಿಸಿ ಬರೆಯುವ ದೊಡ್ಡ ಜನರಲ್ ಪವರ್ ಆಫ್ ಅಟಾರ್ನಿ (ಜಿಪಿಎ) ಬೇಡ. ತೆರಿಗೆ ಕೆಲಸಕ್ಕೆ ಮಾತ್ರ ಎಂದು ಸ್ಪಷ್ಟವಾಗಿ ಬರೆಸಿ, ನೀವಿರುವ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಿ. ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಎಷ್ಟೋ ಪತ್ರಗಳು ಕಪಾಟಿನಲ್ಲೇ ಕೂತು ಆ ಗಡುವು ದಾಟಿಬಿಡುತ್ತವೆ. ಬಳಿಕ ಇ-ಫೈಲಿಂಗ್ ತಾಣದಲ್ಲಿ, ನಿಮ್ಮ ಪರವಾಗಿ ಇನ್ನೊಬ್ಬರಿಗೆ ಅಧಿಕಾರ ಕೊಡುವ ಪುಟದಲ್ಲಿ ಅವರ ಪ್ಯಾನ್ ನಮೂದಿಸಿ. ಅಲ್ಲಿಂದಾಚೆ ಅವರು ತಮ್ಮ ಲಾಗಿನ್‌ನಲ್ಲೇ ನಿಮ್ಮ ಕೆಲಸ ಮಾಡುತ್ತಾರೆ. ಯಾರು ಏನು ಮಾಡಿದರು ಎಂಬುದಕ್ಕೆ ದಾಖಲೆಯೂ ಉಳಿಯುತ್ತದೆ.

ನೋಟಿಸು ಬಂತೆಂದು ವಿಮಾನ ಹತ್ತಬೇಕಾಗಿಲ್ಲ. ಬಹುಪಾಲು ವಿಚಾರಣೆ ಈಗ ಕಚೇರಿಗೆ ಹೋಗದೆ ತಾಣದಲ್ಲೇ ನಡೆಯುತ್ತದೆ, ಸಿಎ, ವಕೀಲರು ಅಥವಾ ಸಂಬಂಧಿಕರು ಅಧಿಕಾರ ಪತ್ರದೊಂದಿಗೆ ನಿಮ್ಮ ಪರ ಉತ್ತರಿಸಬಹುದು. ತೊಂದರೆ ಇರುವುದು ಬೇರೆ ಕಡೆ. ತಾಣದಲ್ಲಿ ಇರುವ ಇ-ಮೇಲ್ ವಿಳಾಸ ಹತ್ತು ವರ್ಷದ ಹಿಂದೆ ಸೈಬರ್ ಅಂಗಡಿಯವನು ತನ್ನದೇ ಹಾಕಿದ್ದಾಗಿರುತ್ತದೆ. ಹಾಗಾಗಿ ನೋಟಿಸು ಬಂದದ್ದೇ ನಿಮಗೆ ತಿಳಿಯುವುದಿಲ್ಲ.

'ರೀಫಂಡಿನಲ್ಲಿ ನಮಗಿಷ್ಟು ಪರ್ಸೆಂಟ್' ಎನ್ನುವವರ ಬಳಿ ಹೋಗಲೇಬೇಡಿ. ಕೊಡದ ದೇಣಿಗೆ, ಕಟ್ಟದ ವಿಮೆ, ಇಲ್ಲದ ಸಾಲ ಎಲ್ಲವನ್ನೂ ತುಂಬಿ ರೀಫಂಡ್ ಉಬ್ಬಿಸುವ ದಂಧೆ ಇದು. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ಇಂಥವರ ಮೇಲೆ ದೇಶದಾದ್ಯಂತ ಸುಮಾರು 150 ಕಡೆ ಶೋಧ ನಡೆಸಿತು. ಸುಳ್ಳು ತೋರಿಸಿದ್ದು ಸಾಬೀತಾದರೆ ತಪ್ಪಿಸಿದ ತೆರಿಗೆಯ ಶೇ. 200ರಷ್ಟು ದಂಡ ಬೀಳಬಹುದು, ಅದು ಬೀಳುವುದು ನಿಮ್ಮ ಮೇಲೆ.

ಆಸ್ತಿ ಮಾರುವವರಿಗೆ ಸಹಾಯ ಬೇಕಾಗುವುದು ರಿಟರ್ನಿನ ಹೊತ್ತಿಗಲ್ಲ, ಕ್ರಯಪತ್ರಕ್ಕೂ ಮೊದಲು. ಕೆಲವು ವರ್ಷಗಳ ಹಿಂದೆ 60 ಲಕ್ಷಕ್ಕೆ ಕೊಂಡ ಫ್ಲಾಟನ್ನು 80 ಲಕ್ಷಕ್ಕೆ ಮಾರಿದಿರಿ ಎನ್ನಿ. 20 ಲಕ್ಷ ಲಾಭಕ್ಕೆ ಸೆಸ್ ಸೇರಿ 2.60 ಲಕ್ಷ ತೆರಿಗೆ. ಆದರೆ ಮಾರುವವರು ಅನಿವಾಸಿಯಾದರೆ ಕೊಳ್ಳುವವರು ಲಾಭದ ಮೇಲಲ್ಲ, ಇಡೀ 80 ಲಕ್ಷದ ಮೇಲೆ ಟಿಡಿಎಸ್ ಹಿಡಿಯುತ್ತಾರೆ. ಸರ್‌ಚಾರ್ಜು, ಸೆಸ್ಸು ಸೇರಿ ಅದು 11.44 ಲಕ್ಷ ಮುಟ್ಟುತ್ತದೆ. ಉಳಿದ 8.84 ಲಕ್ಷ ಕೈಗೆ ಬರಬೇಕಾದರೆ ಮುಂದಿನ ವರ್ಷದ ರೀಫಂಡ್‌ವರೆಗೆ ಕಾಯಬೇಕು. ಮಾರಾಟಕ್ಕೆ ಮೊದಲೇ ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದರೆ ಈ ಪಾಡು ತಪ್ಪುತ್ತದೆ. ಸಿಎ ಫೀಸು ಉಳಿಸಲು ಹೋಗಬಾರದ ಜಾಗವೆಂದರೆ ಇದೊಂದೇ ಎಂಬುದು ನನ್ನ ಅಭಿಪ್ರಾಯ.

ಈ ಬರಹದಲ್ಲಿ ಸೆಕ್ಷನ್ ಸಂಖ್ಯೆಗಳಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. 1961ರ ಕಾಯ್ದೆಯ ಬದಲಿಗೆ 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದು ಸಂಖ್ಯೆಗಳೆಲ್ಲ ಬದಲಾಗಿವೆ.

ಐಟಿಆರ್-2 ಸಲ್ಲಿಸಲು ಜುಲೈ 31 ಗಡುವು. ತಪ್ಪಿದರೆ ಡಿಸೆಂಬರ್ 31ರವರೆಗೆ, ಆದಾಯ 5 ಲಕ್ಷದೊಳಗಿದ್ದರೆ 1,000, ಮೀರಿದರೆ 5,000 ರೂಪಾಯಿ ವಿಳಂಬ ಶುಲ್ಕದೊಂದಿಗೆ ಹಾಕಬಹುದು. ಅದೂ ದಾಟಿ, ಹಿಂದಿನ ವರ್ಷಗಳ ಟಿಡಿಎಸ್ ಹಣ ಇಲಾಖೆಯಲ್ಲೇ ಉಳಿದಿದ್ದರೆ, ವಿಳಂಬ ಮನ್ನಿಸುವಂತೆ ಅರ್ಜಿ ಹಾಕಲು ಆಯಾ ಕರನಿರ್ಧಾರಣ ವರ್ಷ ಮುಗಿದ ಮೇಲೆ ಐದು ವರ್ಷಗಳ ಅವಕಾಶವಿದೆ. ತಡವಾದದ್ದಕ್ಕೆ ನಿಜವಾದ ಕಾರಣ ತೋರಿಸಬೇಕು ಅಷ್ಟೆ. ಇವತ್ತು ರಾತ್ರಿ ಊರಿಗೆ ಫೋನು ಮಾಡುವ ಮೊದಲು ಒಮ್ಮೆ ನೀವೇ ತಾಣಕ್ಕೆ ಹೋಗಿ ನಿಮ್ಮ ಫಾರ್ಮ್ 26ಎಎಸ್ ತೆರೆದು ನೋಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಟಿಡಿಎಸ್ ಕಡಿತವಾಗಿದೆ ಎಂಬುದು ಅಲ್ಲೇ ಕಾಣುತ್ತದೆ.