ಖರೀದಿ ಆದೇಶದ ಕಡತಗಳನ್ನು ಅನುವಾದಿಸುವ ತಂತ್ರಾಂಶ: ಅಳವಡಿಕೆ ಮತ್ತು ಬಳಕೆ

ವಿದೇಶದ ದೊಡ್ಡ ಚಿಲ್ಲರೆ ಮಾರಾಟ ಸಂಸ್ಥೆಗಳು ಮತ್ತು ವಾಹನ ತಯಾರಿಕಾ ಸಂಸ್ಥೆಗಳು ತಮ್ಮ ಪೂರೈಕೆದಾರರಿಗೆ ಖರೀದಿ ಆದೇಶವನ್ನು ಕಾಗದದ ಬದಲು ಗಣಕಯಂತ್ರದ ಕಡತವಾಗಿ ಕಳುಹಿಸುತ್ತವೆ. ಈ ಪದ್ಧತಿಗೆ ಎಲೆಕ್ಟ್ರಾನಿಕ್ ದತ್ತಾಂಶ ವಿನಿಮಯ, ಅಂದರೆ ಇ.ಡಿ.ಐ. ಎಂದು ಹೆಸರು. ಸೀಮಾ ಸುಂಕ ಇಲಾಖೆಗೆ ಶಿಪ್ಪಿಂಗ್ ಬಿಲ್ ಸಲ್ಲಿಸುವ ರಫ್ತುದಾರರಿಗೆ ಈ ಹೆಸರು ಹೊಸತಲ್ಲ. ಆದರೆ ಖರೀದಿದಾರನ ಕಡತವನ್ನು ತಮ್ಮ ಲೆಕ್ಕದ ತಂತ್ರಾಂಶಕ್ಕೆ ತಿಳಿಯುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಬಂದಾಗ, ಅನೇಕ ಸಣ್ಣ ತಯಾರಕರು ಇಡೀ ಹೊಣೆಯನ್ನು ಗಣಕಯಂತ್ರದವನಿಗೆ ವಹಿಸಿ ಕೈತೊಳೆದುಕೊಳ್ಳುತ್ತಾರೆ. ಇದು ಅಪಾಯಕಾರಿ. ತಂತ್ರಾಂಶವನ್ನು ಅಳವಡಿಸುವುದು ತಂತ್ರಜ್ಞನ ಕೆಲಸ. ಅದು ಯಾವುದನ್ನು ಏನೆಂದು ಓದಬೇಕು ಎಂದು ತೀರ್ಮಾನಿಸುವುದು ಮಾಲೀಕನ ಕೆಲಸ.

1. ಕಡತದ ಸ್ವರೂಪ

ಪ್ರಚಲಿತವಿರುವ ಮುಖ್ಯ ಪದ್ಧತಿಗಳು ಎರಡು. ಅಮೆರಿಕದ ಖರೀದಿದಾರರು ಹೆಚ್ಚಾಗಿ ಬಳಸುವುದು ಎಕ್ಸ್-12. ಇದನ್ನು ರೂಪಿಸಿದ ಸಮಿತಿ 1979ರಲ್ಲಿ ರಚನೆಯಾಯಿತು. ಯುರೋಪಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ಎಡಿಫ್ಯಾಕ್ಟ್. ಎಕ್ಸ್-12ರಲ್ಲಿ ಪ್ರತಿ ದಾಖಲೆಗೂ ಒಂದು ಸಂಖ್ಯೆಯಿದೆ: ಖರೀದಿ ಆದೇಶಕ್ಕೆ 850, ಆದೇಶದ ಒಪ್ಪಿಗೆಗೆ 855, ರವಾನೆಯ ಮುನ್ಸೂಚನೆಗೆ 856, ಬಿಲ್ಲಿಗೆ 810, ಆದೇಶದ ಬದಲಾವಣೆಗೆ 860. ಎಡಿಫ್ಯಾಕ್ಟ್‌ನಲ್ಲಿ ಖರೀದಿ ಆದೇಶಕ್ಕೆ ‘ಆರ್ಡರ್ಸ್’ ಎಂಬ ಹೆಸರಿದೆ. ಕಡತದೊಳಗೆ ಇರುವುದು ಚಿಹ್ನೆಗಳಿಂದ ಬೇರ್ಪಡಿಸಿದ ಸಂಕೇತಗಳ ಸಾಲುಗಳು. ಅನುವಾದಕ ತಂತ್ರಾಂಶವು ಈ ಸಾಲುಗಳನ್ನು ಓದಿ, ರಚನೆ ಸರಿಯಿದೆಯೇ ಎಂದು ಪರೀಕ್ಷಿಸಿ, ತಯಾರಕನ ಲೆಕ್ಕದ ತಂತ್ರಾಂಶವು ಸ್ವೀಕರಿಸುವ ರೂಪಕ್ಕೆ ಬದಲಿಸುತ್ತದೆ. ಉದಾಹರಣೆಗೆ, ಟ್ಯಾಲಿ ತಂತ್ರಾಂಶವು ಎಕ್ಸ್.ಎಂ.ಎಲ್. ರೂಪದ ಕಡತವನ್ನು ಸ್ವೀಕರಿಸಬಲ್ಲದು.

2. ಅಳವಡಿಕೆಗೆ ಮುನ್ನ

ತಿಂಗಳಿಗೆ ನಾಲ್ಕಾರು ಆದೇಶಗಳಷ್ಟೇ ಬರುವುದಾದರೆ, ಖರೀದಿದಾರನ ಜಾಲತಾಣದಲ್ಲಿ ಆದೇಶ ನೋಡಿ ಕೈಯಾರೆ ದಾಖಲಿಸುವ ಸೌಲಭ್ಯವಿದ್ದಲ್ಲಿ ಅದೇ ಸಾಕು. ಆದೇಶಗಳು ಹೆಚ್ಚಿದಾಗ ಮಾತ್ರ ತಂತ್ರಾಂಶದ ವೆಚ್ಚ ಸಾರ್ಥಕವಾಗುತ್ತದೆ. ಹಣ ಕೊಟ್ಟು ಕೊಳ್ಳುವ ಮತ್ತು ಮಾಸಿಕ ಬಾಡಿಗೆಗೆ ದೊರೆಯುವ ತಂತ್ರಾಂಶಗಳಲ್ಲದೆ, ‘ಬಾಟ್ಸ್’ನಂತಹ ಮುಕ್ತ ತಂತ್ರಾಂಶವೂ ಇದೆ. ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಆದರೆ ಪೈಥಾನ್ ಭಾಷೆ ಬಲ್ಲವರೊಬ್ಬರು ಬೇಕು. ಅವರ ಸಂಭಾವನೆಯನ್ನೂ ವೆಚ್ಚದಲ್ಲಿ ಸೇರಿಸಿಯೇ ಹೋಲಿಕೆ ಮಾಡಬೇಕು.

ಅಳವಡಿಕೆಯ ಹಂತಗಳು ಹೀಗಿವೆ:

(ಅ) ಖರೀದಿದಾರನಿಂದ ಮಾರ್ಗಸೂಚಿಯನ್ನು ಪಡೆಯುವುದು. ಎಲ್ಲರೂ ಎಕ್ಸ್-12 ಎಂದರೂ ಒಬ್ಬರು 4010ನೇ ಆವೃತ್ತಿ, ಇನ್ನೊಬ್ಬರು 5010ನೇ ಆವೃತ್ತಿ ಬಳಸಬಹುದು. ಕಡ್ಡಾಯ ಸಾಲುಗಳೂ ಬೇರೆಯಾಗಬಹುದು.

(ಆ) ಸಾಗಣೆಯ ಮಾರ್ಗವನ್ನು ನಿರ್ಧರಿಸುವುದು. ಎ.ಎಸ್.-2 ಪದ್ಧತಿಯಲ್ಲಿ ಕಡತವು ಅಂತರ್ಜಾಲದ ಮೂಲಕ ನೇರವಾಗಿ ಬರುತ್ತದೆ. ಇದಕ್ಕೆ ಸದಾ ಚಾಲನೆಯಲ್ಲಿರುವ ಗಣಕಯಂತ್ರ ಮತ್ತು ಅವಧಿ ಮೀರದ ಡಿಜಿಟಲ್ ಪ್ರಮಾಣಪತ್ರ ಅಗತ್ಯ. ಸಂಜೆ ಕಾರ್ಖಾನೆಯ ಬಾಗಿಲು ಹಾಕುವಾಗ ಗಣಕಯಂತ್ರವನ್ನೂ ಆರಿಸುವ ಘಟಕಕ್ಕೆ, ಕಡತವನ್ನು ಅಂಚೆಪೆಟ್ಟಿಗೆಯಲ್ಲಿ ಕಾದಿರಿಸುವ ಮೌಲ್ಯವರ್ಧಿತ ಜಾಲದ ಸೇವೆ ಹೆಚ್ಚು ಅನುಕೂಲ. ಆದರೆ ಅದಕ್ಕೆ ಶುಲ್ಕವಿದೆ.

(ಇ) ಒಳಬಂದ, ಅನುವಾದವಾದ, ತಿರಸ್ಕೃತವಾದ ಮತ್ತು ಹೊರಹೋಗುವ ಕಡತಗಳಿಗೆ ಪ್ರತ್ಯೇಕ ಫೋಲ್ಡರ್ ಇರಿಸುವುದು. ತಿರಸ್ಕೃತ ಕಡತಗಳನ್ನು ಪ್ರತಿದಿನ ನೋಡುವ ನೌಕರ ಯಾರು ಎಂಬುದನ್ನು ಲಿಖಿತವಾಗಿ ಗೊತ್ತುಪಡಿಸುವುದು.

(ಈ) ಪರೀಕ್ಷಾ ಕಡತಗಳನ್ನು ವಿನಿಮಯ ಮಾಡಿಕೊಳ್ಳುವುದು. ಎಕ್ಸ್-12 ಕಡತದ ಮೊದಲ ಸಾಲಿನಲ್ಲಿಯೇ ಪರೀಕ್ಷಾ ಕಡತಕ್ಕೆ ‘ಟಿ’ ಎಂದೂ, ನೈಜ ಕಡತಕ್ಕೆ ‘ಪಿ’ ಎಂದೂ ಗುರುತು ಇರುತ್ತದೆ. ಈ ಗುರುತನ್ನು ತಂತ್ರಾಂಶವು ಗಮನಿಸದಿದ್ದರೆ ಪರೀಕ್ಷೆಯ ಆದೇಶಕ್ಕೆ ಸರಕು ತಯಾರಾಗಿ ಹೋದೀತು.

3. ಹೊಂದಾಣಿಕೆ ಕೋಷ್ಟಕ

ಖರೀದಿದಾರನ ಸಂಕೇತಕ್ಕೆ ತಯಾರಕನ ಲೆಕ್ಕದಲ್ಲಿ ಯಾವುದು ಸಮಾನ ಎಂದು ತಿಳಿಸುವ ಪಟ್ಟಿಯೇ ಹೊಂದಾಣಿಕೆ ಕೋಷ್ಟಕ. ಲಾಭನಷ್ಟ ನಿಂತಿರುವುದು ಇದರ ಮೇಲೆ.

ಅಳತೆಯ ಘಟಕ: ಎಕ್ಸ್-12ರಲ್ಲಿ ಒಂದೊಂದು ವಸ್ತುವಿಗೆ ‘ಇ.ಎ.’, ಡಜನ್‌ಗೆ ‘ಡಿ.ಝಡ್.’ ಎಂಬ ಸಂಕೇತವಿದೆ. ಎಡಿಫ್ಯಾಕ್ಟ್‌ನಲ್ಲಿ ಡಜನ್‌ಗೆ ‘ಡಿ.ಝಡ್.ಎನ್.’, ನಮ್ಮ ಜಿ.ಎಸ್.ಟಿ. ಪದ್ಧತಿಯಲ್ಲಿ ‘ಡಿ.ಓ.ಝಡ್.’. ಬೆಂಗಳೂರಿನ ಒಂದು ಉಡುಪು ಘಟಕಕ್ಕೆ 480 ಅಂಗಿಗಳ ಆದೇಶ ‘ಇ.ಎ.’ ಸಂಕೇತದೊಂದಿಗೆ ಬಂದಿತೆಂದು ಭಾವಿಸೋಣ. ಹಿಂದಿನ ಖರೀದಿದಾರನಿಗಾಗಿ ಮಾಡಿದ ಕೋಷ್ಟಕವು ಎಲ್ಲವನ್ನೂ ಡಜನ್ ಎಂದೇ ಓದಿದರೆ ಲೆಕ್ಕದಲ್ಲಿ 5,760 ಅಂಗಿಗಳು ದಾಖಲಾಗುತ್ತವೆ. ಅಂಗಿಗೆ ಒಂದೂವರೆ ಮೀಟರ್‌ನಂತೆ 720 ಮೀಟರ್ ಬಟ್ಟೆ ಸಾಕಾಗುವಲ್ಲಿ 8,640 ಮೀಟರ್ ಬಟ್ಟೆಗೆ ಬೇಡಿಕೆ ಸಲ್ಲುತ್ತದೆ. ಇಲ್ಲಿ ತಂತ್ರಾಂಶವು ಯಾವ ದೋಷವನ್ನೂ ಸೂಚಿಸುವುದಿಲ್ಲ. ಏಕೆಂದರೆ ಕಡತದ ರಚನೆ ಸರಿಯಾಗಿಯೇ ಇದೆ, ತಪ್ಪಿರುವುದು ಅರ್ಥ. ಕೋಷ್ಟಕದಲ್ಲಿಲ್ಲದ ಸಂಕೇತ ಬಂದಾಗ ತಂತ್ರಾಂಶವು ತಾನೇ ಊಹಿಸದೆ ಆದೇಶವನ್ನು ತಡೆಹಿಡಿಯುವಂತೆ ವ್ಯವಸ್ಥೆ ಮಾಡಬೇಕು.

ಬೆಲೆ: ಅಂಗಿಗೆ 5.50 ಡಾಲರ್ ಎಂದರೂ, ಡಜನ್‌ಗೆ 66 ಡಾಲರ್ ಎಂದರೂ ಒಂದೇ. ಬೆಲೆ ಯಾವ ಘಟಕಕ್ಕೆ ಎಂಬುದನ್ನು ಮಾರ್ಗಸೂಚಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಯುರೋಪಿನ ಕೆಲವು ದೇಶಗಳಲ್ಲಿ ದಶಮಾಂಶಕ್ಕೆ ಬಿಂದುವಿನ ಬದಲು ಅಲ್ಪವಿರಾಮ ಹಾಕುವ ರೂಢಿಯಿದೆ. ಅಲ್ಲಿನ 1,250 ಎಂದರೆ ಒಂದೂಕಾಲು, ಸಾವಿರದ ಇನ್ನೂರ ಐವತ್ತಲ್ಲ.

ದಿನಾಂಕ: ಒಂದೇ ಆದೇಶದಲ್ಲಿ ಹಲವು ದಿನಾಂಕಗಳಿರುತ್ತವೆ. ಎಕ್ಸ್-12ರಲ್ಲಿ 037 ಎಂಬ ಸಂಕೇತವಿದ್ದರೆ ಅದಕ್ಕೆ ಮುನ್ನ ರವಾನಿಸಬಾರದು, 038 ಇದ್ದರೆ ಅದರೊಳಗೆ ರವಾನಿಸಬೇಕು, 001 ಇದ್ದರೆ ಆ ದಿನದ ನಂತರ ಆದೇಶ ರದ್ದು, 002 ಇದ್ದರೆ ಅದು ಸರಕು ತಲುಪಬೇಕಾದ ದಿನ. ತಲುಪುವ ದಿನವನ್ನು ರವಾನೆಯ ದಿನವೆಂದು ಓದಿದರೆ ಹಡಗಿನ ಪ್ರಯಾಣದಷ್ಟು ದಿನ ತಡವಾಗುತ್ತದೆ.

ವಸ್ತುವಿನ ಸಂಕೇತ: ಅಮೆರಿಕದ ಬಾರ್‌ಕೋಡ್ ಸಂಖ್ಯೆ 12 ಅಂಕಿಗಳದ್ದು, ಅನೇಕವು ಸೊನ್ನೆಯಿಂದ ಆರಂಭವಾಗುತ್ತವೆ. ಇಂತಹ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸುಮ್ಮನೆ ತೆರೆದು ಉಳಿಸಿದರೆ ಮೊದಲ ಸೊನ್ನೆ ಅಳಿದುಹೋಗುತ್ತದೆ. ಆ ಅಂಕಣವನ್ನು ಅಕ್ಷರರೂಪ ಎಂದು ಗುರುತಿಸಿಯೇ ತೆರೆಯಬೇಕು.

4. ಸ್ವೀಕೃತಿ ಬೇರೆ, ಒಪ್ಪಿಗೆ ಬೇರೆ

ಆದೇಶ ತಲುಪಿದೊಡನೆ ತಂತ್ರಾಂಶವು 997 ಎಂಬ ಸ್ವೀಕೃತಿಯನ್ನು ತಾನಾಗಿಯೇ ಕಳುಹಿಸುತ್ತದೆ. ಕಡತ ತಲುಪಿದೆ, ರಚನೆ ಸರಿಯಿದೆ ಎಂಬುದಷ್ಟೇ ಇದರ ಅರ್ಥ. ಬೆಲೆ, ಪ್ರಮಾಣ, ಅವಧಿಗಳಿಗೆ ಒಪ್ಪಿಗೆ ಸೂಚಿಸುವುದು 855. ಇದನ್ನು ಯಂತ್ರದ ಪಾಲಿಗೆ ಬಿಡದೆ, ಜವಾಬ್ದಾರಿಯುತರೊಬ್ಬರು ಆದೇಶವನ್ನು ಓದಿದ ನಂತರವೇ ಕಳುಹಿಸಬೇಕು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ಕ್ಕೆ 2008ರ ತಿದ್ದುಪಡಿಯಿಂದ ಸೇರಿದ 10-ಎ ಪ್ರಕರಣದಂತೆ, ಪ್ರಸ್ತಾವ ಮತ್ತು ಒಪ್ಪಿಗೆಗಳು ಎಲೆಕ್ಟ್ರಾನಿಕ್ ರೂಪದಲ್ಲಿವೆ ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗುವುದಿಲ್ಲ. ‘ಅದು ಗಣಕಯಂತ್ರ ಕಳುಹಿಸಿದ್ದು’ ಎಂಬ ಸಮಜಾಯಿಷಿಯನ್ನು ನಂಬಿ ಕೂರುವಂತಿಲ್ಲ. ವಿದೇಶಿ ಖರೀದಿದಾರನ ಕರಾರಿಗೆ ಯಾವ ದೇಶದ ಕಾನೂನು ಅನ್ವಯಿಸುತ್ತದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು.

5. ದಾಖಲೆಗಳ ಸಂರಕ್ಷಣೆ

ಅನುವಾದವಾದ ಪ್ರತಿಯನ್ನು ಮಾತ್ರ ಇರಿಸಿಕೊಂಡು ಮೂಲ ಕಡತವನ್ನು ಅಳಿಸುವ ರೂಢಿ ಸಲ್ಲದು. ವಿವಾದ ಬಂದಾಗ ಖರೀದಿದಾರ ಕಳುಹಿಸಿದ್ದು ಏನು ಎಂಬುದಕ್ಕೆ ಮೂಲ ಕಡತವೇ ಸಾಕ್ಷಿ. ಅದು ಎಲ್ಲಿಂದ, ಯಾವ ದಿನ, ಯಾವ ಹೊತ್ತಿಗೆ ಬಂದಿತು ಎಂಬ ವಿವರವೂ ಜೊತೆಗಿರಬೇಕು. ಕಂಪನಿಗಳ ಅಧಿನಿಯಮ, 2013ರಂತೆ ಕಂಪನಿಗಳು ಲೆಕ್ಕಪತ್ರಗಳನ್ನು ಅವುಗಳ ವೋಚರುಗಳೊಂದಿಗೆ ಎಂಟು ವರ್ಷ ಕಾಪಾಡಬೇಕು. ಜಿ.ಎಸ್.ಟಿ. ನೋಂದಾಯಿತರು ಲೆಕ್ಕ ಮತ್ತು ದಾಖಲೆಗಳನ್ನು ಆ ವರ್ಷದ ವಾರ್ಷಿಕ ವಿವರಣಾ ಪತ್ರದ ಗಡುವಿನಿಂದ 72 ತಿಂಗಳು ಇರಿಸಬೇಕು. ಮೂಲ ಕಡತಗಳಿಗೂ ಇದೇ ಅವಧಿಯನ್ನು ಪಾಲಿಸುವುದು ಕ್ಷೇಮ.

6. ಮಾಲೀಕನ ಪಾಲಿನ ಕೆಲಸ

ಹೊಂದಾಣಿಕೆ ಕೋಷ್ಟಕವನ್ನು ಕಾಗದದ ಮೇಲೆ ಮುದ್ರಿಸಿ, ಪ್ರತಿ ಸಾಲನ್ನೂ ಓದಿ ಮಾಲೀಕರು ಸಹಿ ಹಾಕಬೇಕು. ಮುಂದೆ ಬದಲಾವಣೆ ಮಾಡಿದರೆ ದಿನಾಂಕ, ಕಾರಣ, ಮಾಡಿದವರ ಹೆಸರು ದಾಖಲಾಗಬೇಕು. ಪ್ರತಿ ಹೊಸ ಖರೀದಿದಾರನ ಮೊದಲ ಕೆಲವು ಆದೇಶಗಳನ್ನು ಮೂಲದೊಂದಿಗೆ ಕೈಯಾರೆ ತಾಳೆ ನೋಡಬೇಕು. ಸಾಮಾನ್ಯ ಪ್ರಮಾಣದ ಎರಡು ಪಟ್ಟು ಮೀರಿದ ಅಥವಾ ಅರ್ಧಕ್ಕಿಂತ ಕಡಿಮೆಯಾದ ಆದೇಶವು ತಾನಾಗಿ ಮುಂದೆ ಸಾಗದೆ ನಿಲ್ಲಬೇಕು. ಒಂದೇ ಆದೇಶ ಸಂಖ್ಯೆ ಎರಡನೆಯ ಬಾರಿ ಬಂದರೂ ಹಾಗೆಯೇ ನಿಲ್ಲಬೇಕು. ಅಳತೆಗೋಲು ಸರಿಯಿದೆಯೇ ಎಂದು ನೋಡದೆ ಬಟ್ಟೆ ಅಳೆಯುವ ವರ್ತಕರಿಲ್ಲ. ಹೊಂದಾಣಿಕೆ ಕೋಷ್ಟಕವೂ ಒಂದು ಅಳತೆಗೋಲೇ. ಅದನ್ನು ಪರೀಕ್ಷಿಸಲು ಗಣಕಯಂತ್ರದ ಜ್ಞಾನಕ್ಕಿಂತ ವ್ಯಾಪಾರದ ಜ್ಞಾನವೇ ಹೆಚ್ಚು ಬೇಕು.