‘ಎಂದು ಪರಿಗಣಿಸಲಾಗಿದೆ’: ಇಂಗ್ಲಿಷಿನ ಮನ್ನಣೆಯ ವಾಕ್ಯಗಳು ಮತ್ತು ಕನ್ನಡದ ‘ಎನ್ನು’ ಧಾತು

ಒಂದು ವಸ್ತು ಯಾವ ಹೆಸರಿನಿಂದ ಪ್ರಸಿದ್ಧ, ಯಾವ ಕಾರಣಕ್ಕೆ ಪ್ರಸಿದ್ಧ, ಅದನ್ನು ಏನೆಂದು ಭಾವಿಸುತ್ತಾರೆ ಎಂಬುದನ್ನು ಹೇಳಲು ಇಂಗ್ಲಿಷಿನಲ್ಲಿ ಕರ್ಮಣಿ ಪ್ರಯೋಗದ ಒಂದು ಸಣ್ಣ ಕುಟುಂಬವೇ ಇದೆ. ‘ನೋನ್ ಆ್ಯಸ್’ ಎಂಬುದರ ಮುಂದೆ ಹೆಸರು ಬರುತ್ತದೆ. ‘ನೋನ್ ಫಾರ್’ ಎಂಬುದರ ಮುಂದೆ ಗುಣ ಅಥವಾ ಕಾರಣ. ‘ನೋನ್ ಟು’ ಎಂಬುದರ ಮುಂದೆ ನಾಮಪದ ಬಂದರೆ ಅದು ಅರಿತವನನ್ನು ಸೂಚಿಸುತ್ತದೆ, ಕ್ರಿಯಾಪದ ಬಂದರೆ ಅರಿತ ಸಂಗತಿಯನ್ನು. ‘ರಿಗಾರ್ಡೆಡ್’ ಶಬ್ದಕ್ಕೆ ‘ಆ್ಯಸ್’ ಬೇಕೇ ಬೇಕು; ‘ಕನ್ಸಿಡರ್ಡ್’ ಅದಿಲ್ಲದೆಯೂ ನಡೆಯುತ್ತದೆ; ‘ಥಾಟ್’ ಅದನ್ನು ಒಲ್ಲದೆ ‘ಟು ಬಿ’ ಎಂಬುದನ್ನು ಬೇಡುತ್ತದೆ. ಭಾವಿಸು, ತಿಳಿ, ಪರಿಗಣಿಸು ಎಂಬ ಕ್ರಿಯೆಗಳಿಗೆಲ್ಲ ಕನ್ನಡದಲ್ಲಿ ‘ಎಂದು’ ಒಂದೇ ಸಾಕು. ಆದುದರಿಂದ ಕನ್ನಡ ವಿದ್ಯಾರ್ಥಿಯ ಇಂಗ್ಲಿಷಿನಲ್ಲಿ ‘ಕನ್ಸಿಡರ್ಡ್ ಆ್ಯಸ್’ ಎಂಬ ರೂಪ ಮರಳಿ ಮರಳಿ ಕಾಣುವುದು ಸಹಜ. ಇಂಗ್ಲಿಷ್ ಅಧ್ಯಾಪಕರು ಅದನ್ನು ತಿದ್ದುತ್ತಾರೆ. ಇಂಗ್ಲಿಷಿನ ವಾಕ್ಯ ಕನ್ನಡಕ್ಕೆ ಬಂದಾಗ ಕಳೆದುಹೋಗುವುದನ್ನು ಗಮನಿಸುವ ಹೊಣೆ ಕನ್ನಡ ಅಧ್ಯಾಪಕರದು.

ದಕ್ಷಿಣ ಬೆಂಗಳೂರಿನ ತಿಲಕ್ ನಗರದ ಒಂದು ಹೆಸರನ್ನು ನಿದರ್ಶನವಾಗಿ ನೋಡಬಹುದು. ಜಯನಗರಕ್ಕೆ ಹೊಂದಿಕೊಂಡಿರುವ ಈ ಬಡಾವಣೆಯಲ್ಲಿ ಸ್ವಾಗತ್ ಎಂಬ ಚಿತ್ರಮಂದಿರವಿತ್ತು. ಅದು ಹೋಗಿ ಮಾಲ್ ಬಂದಿದೆ. ‘ಸ್ವಾಗತ್ ರಸ್ತೆ’ ಎಂಬ ಹೆಸರು ಮಾತ್ರ ಉಳಿದಿದೆ. ‘ಈಸ್ ನೋನ್ ಆ್ಯಸ್’ ಎಂಬುದನ್ನು ಅನುಸರಿಸಿ ‘ಈ ರಸ್ತೆಯನ್ನು ಸ್ವಾಗತ್ ರಸ್ತೆ ಎಂದು ಕರೆಯಲಾಗುತ್ತದೆ’ ಎಂದು ಬರೆದರೆ ವ್ಯಾಕರಣದೋಷವೇನೂ ಇಲ್ಲ. ಆದರೆ ಕರೆಯುವವರು ಯಾರು? ನಗರಾಡಳಿತವೋ, ಆಟೋದವರೋ, ಅಂಚೆಯವರೋ? ‘ಜನ ಇದನ್ನು ಸ್ವಾಗತ್ ರಸ್ತೆ ಅನ್ನುತ್ತಾರೆ’ ಎಂಬ ಕರ್ತರಿ ವಾಕ್ಯದಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲ. ಬಡಾವಣೆಯ ಹೆಸರಿನೊಡನೆ ನೆನಪಾಗುವ ಬಾಲಗಂಗಾಧರ ತಿಲಕರ (1856–1920) ಬಿರುದೂ ಇಲ್ಲಿ ಪ್ರಸ್ತುತ. ‘ಲೋಕಮಾನ್ಯ’ ಎಂಬ ಸಮಾಸದ ಅರ್ಥ ಕರ್ಮಣಿಯೇ. ಆದರೆ ಮನ್ನಿಸಿದವರು ಯಾರೆಂಬುದು ಅದರ ಪೂರ್ವಪದದಲ್ಲಿದೆ.

ದ್ರಾವಿಡ ಭಾಷೆಗಳಲ್ಲಿ ನಿಜವಾದ ಕರ್ಮಣಿ ಪ್ರಯೋಗವಿಲ್ಲವೆಂದು ಕಾಲ್ಡ್‌ವೆಲ್ 1856ರಲ್ಲಿಯೇ ಹೇಳಿದ್ದನು. ಇಂದಿನ ಬರೆಹದ ಕನ್ನಡದಲ್ಲಿ ಎರಡು ರೂಪಗಳು ಬಳಕೆಯಲ್ಲಿವೆ. ‘ಅಲ್ಪಡು’ ರೂಪದಲ್ಲಿ ಕರ್ಮಪದ ಪ್ರಥಮಾ ವಿಭಕ್ತಿಗೆ ಬಂದು ಕ್ರಿಯೆಯನ್ನು ಆಳುತ್ತದೆ: ‘ಅವರು ಮಹಾಕವಿಯೆಂದು ಪರಿಗಣಿಸಲ್ಪಡುತ್ತಾರೆ’. ‘ಅಲಾಗು’ ರೂಪದಲ್ಲಿ ಅದು ದ್ವಿತೀಯೆಯಲ್ಲಿಯೇ ನಿಲ್ಲುತ್ತದೆ. ಕ್ರಿಯಾಪದ ನಪುಂಸಕಲಿಂಗದ ಏಕವಚನವನ್ನು ಬಿಟ್ಟು ಕದಲುವುದಿಲ್ಲ: ‘ಅವರನ್ನು ಮಹಾಕವಿಯೆಂದು ಪರಿಗಣಿಸಲಾಗಿದೆ’. ‘ಪರಿಗಣಿಸಲಾಗುತ್ತಾರೆ’ ಎಂದು ಅಲ್ಲಲ್ಲಿ ಕಾಣುವ ರೂಪ ಇವೆರಡರ ಕಲಬೆರಕೆ. ‘ಅವರು ಮಹಾಕವಿ ಎಂದು ಪರಿಗಣಿಸಲಾಗಿದೆ’ ಎಂಬುದು ಹಾಗಲ್ಲ. ಅಲ್ಲಿ ‘ಅವರು ಮಹಾಕವಿ’ ಎಂಬ ಇಡೀ ವಾಕ್ಯ ‘ಎಂದು’ವಿನ ಒಳಗಿದೆ. ಪರಿಗಣನೆಗೆ ಒಳಗಾದದ್ದು ವ್ಯಕ್ತಿಯಲ್ಲ, ಹೇಳಿಕೆ. ವಿಭಕ್ತಿ ತಿದ್ದುವಾಗ ಅಧ್ಯಾಪಕರು ಈ ಅಂತರವನ್ನು ಮರೆಯಬಾರದು.

ಮನ್ನಣೆಯನ್ನು ಹೇಳಲು ಕನ್ನಡಕ್ಕೆ ತನ್ನದೇ ಆದ ದಾರಿಯಿದೆ. ಅದು ‘ಎನ್ನು’ ಧಾತುವಿನದು. ‘ಎಂಬ’ ಹೆಸರನ್ನು ತರುತ್ತದೆ. ‘ಎನಿಸು’ ಚತುರ್ಥಿಯೊಡನೆ ಬಂದರೆ ಅನುಭವಿಯನ್ನು ಮುಂದಿಡುತ್ತದೆ: ‘ನನಗೆ ಅದು ಸರಿಯೆನಿಸಿತು’. ಹಳಗನ್ನಡದ ‘ಎನಿಪ’, ‘ಎನಿಸಿದ’ ರೂಪಗಳು ಕಾವ್ಯದಲ್ಲಿಯೂ ಶಾಸನಗಳ ಪ್ರಶಸ್ತಿಭಾಗಗಳಲ್ಲಿಯೂ ಹೇರಳವಾಗಿವೆ. ಎಲ್ಲಕ್ಕಿಂತ ಸ್ವಾರಸ್ಯದ್ದು ‘ಎನಿಸಿಕೊಳ್ಳು’. ಬೈಸಿಕೊಂಡ, ಹೊಗಳಿಸಿಕೊಂಡ, ಕರೆಸಿಕೊಂಡ ಎಂಬಲ್ಲಿ ಇರುವ ‘ಇಸಿಕೊಳ್ಳು’ವೇ ಇಲ್ಲಿಯೂ ಇದೆ, ಆಡುಮಾತಿನ ಕರ್ಮಣಿ ಎನ್ನಬೇಕಾದದ್ದು ಇದನ್ನೇ. ಇದರಲ್ಲಿ ಕರ್ಮವು ಪೂರ್ಣವಾಗಿ ಅಸಹಾಯಕವಲ್ಲ, ತನ್ನ ಪಾಲನ್ನೂ ಸೇರಿಸಿರುತ್ತದೆ. ‘ಒಳ್ಳೆಯವನೆನಿಸಿಕೊಂಡ’ ಎಂದರೆ ಆ ಹೆಸರನ್ನು ಗಳಿಸಿದ ಎಂಬ ಅರ್ಥ ಬರುತ್ತದೆ. ‘ದೊಡ್ಡವರೆನಿಸಿಕೊಂಡವರು’ ಎಂದಾಗ ದನಿಯೇ ಬೇರೆ, ಅಲ್ಲಿ ಸಣ್ಣದೊಂದು ಕುಟುಕು ಇದೆ. ‘ರಿಗಾರ್ಡೆಡ್ ಆ್ಯಸ್’ ಎಂಬಲ್ಲಿ ಈ ಎರಡೂ ಇಲ್ಲ. ‘ನೋನ್ ಫಾರ್’ ಎಂಬುದಕ್ಕೆ ‘ಹೆಸರಾಗು’ ಚತುರ್ಥಿಯೊಡನೆ ಒದಗುತ್ತದೆ: ‘ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೆಸರಾಗಿದೆ’.

ಇದು ಶೈಲಿಯ ಪ್ರಶ್ನೆ ಮಾತ್ರವಾಗಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ. ಸಂಶೋಧನೆಯಲ್ಲಿ ಇದು ಆಧಾರದ ಪ್ರಶ್ನೆಯಾಗುತ್ತದೆ. ‘ಹಲ್ಮಿಡಿ ಶಾಸನವನ್ನು ಕನ್ನಡದ ಮೊದಲ ಶಾಸನವೆಂದು ಪರಿಗಣಿಸಲಾಗಿದೆ’ ಎಂಬ ವಾಕ್ಯವನ್ನು ಓದದ ಕನ್ನಡ ವಿದ್ಯಾರ್ಥಿಯಿಲ್ಲ. ಈ ಶಾಸನವನ್ನು ಬೆಳಕಿಗೆ ತಂದವರು ಎಂ. ಎಚ್. ಕೃಷ್ಣ. ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ, ಕ್ರಿ.ಶ. 450ರ ಸುಮಾರು ಎಂಬುದು ಲಿಪಿ ಮತ್ತು ಅಲ್ಲಿ ಬರುವ ಅರಸನ ಹೆಸರುಗಳಿಂದ ವಿದ್ವಾಂಸರು ಮಾಡಿದ ನಿರ್ಣಯ. ಮುಂದೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 2013-14ರಲ್ಲಿ ನಡೆದ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನದ ಶಾಸನ ಕ್ರಿ.ಶ. 370ರ ಸುಮಾರಿನದೆಂದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಅಭಿಪ್ರಾಯಪಟ್ಟಿತು. ಈಗ ‘ಪರಿಗಣಿಸಲಾಗಿದೆ’ ಎಂಬ ಒಂದೇ ಮಾತು ಎರಡೂ ಶಾಸನಗಳ ಬಗ್ಗೆ, ಒಂದೇ ಬಗೆಯ ನಿಶ್ಚಿತತೆಯಿಂದ, ಎರಡು ಪುಸ್ತಕಗಳಲ್ಲಿ ಕಾಣಿಸಿಕೊಳ್ಳಬಹುದು. ಯಾರು, ಯಾವಾಗ, ಯಾವ ಆಧಾರದಿಂದ ಎಂಬುದನ್ನು ಕೇಳಲು ಆ ವಾಕ್ಯದಲ್ಲಿ ಜಾಗವೇ ಇಲ್ಲ. ‘ಲಿಪಿಯ ಆಧಾರದಿಂದ ವಿದ್ವಾಂಸರು ಹಲ್ಮಿಡಿ ಶಾಸನವನ್ನು ಐದನೆಯ ಶತಮಾನಕ್ಕೆ ಸೇರಿಸುತ್ತಾರೆ’ ಎಂದರೆ ಪ್ರಶ್ನೆ ಕೇಳುವವನಿಗೆ ಎದುರಾಳಿಯಾದರೂ ಸಿಗುತ್ತಾನೆ.

ಆಡುಗನ್ನಡ ಈ ವಿಷಯದಲ್ಲಿ ಹೆಚ್ಚು ಎಚ್ಚರದ್ದು. ‘ಬಂದನು’ ಎಂಬುದಕ್ಕೂ ‘ಬಂದನಂತೆ’ ಎಂಬುದಕ್ಕೂ ನಡುವೆ ಇರುವ ಅಂತರ ಶಾಲೆಗೆ ಹೋಗದ ಮಗುವಿಗೂ ಗೊತ್ತು: ಎರಡನೆಯದನ್ನು ಹೇಳಿದವನು ತಾನು ಕಂಡಿಲ್ಲವೆಂದು ಅಲ್ಲಿಯೇ ಒಪ್ಪಿಕೊಂಡಿದ್ದಾನೆ. ಪ್ರೌಢಗದ್ಯ ಈ ‘ಅಂತೆ’ಯನ್ನು ಗ್ರಾಮ್ಯವೆಂದು ಹೊರಗಿಟ್ಟು ಅದರ ಸ್ಥಾನದಲ್ಲಿ ‘ಎಂದು ಹೇಳಲಾಗುತ್ತದೆ’ ಎಂಬುದನ್ನು ತಂದಿತು. ಸ್ಥಳಪುರಾಣದ ಕಥೆಗೂ ಶಾಸನದ ಪಾಠಕ್ಕೂ ಅದೇ ಕ್ರಿಯಾಪದ ಬಳಕೆಯಾಗತೊಡಗಿದ್ದು ಹೀಗೆ. ಸಂಶೋಧನ ಪ್ರಬಂಧಗಳನ್ನು ಪರಿಶೀಲಿಸುವವರು ಪ್ರತಿ ‘ಲಾಗಿದೆ’ಯ ಪಕ್ಕದಲ್ಲಿ ‘ಯಾರಿಂದ?’ ಎಂದು ಪೆನ್ಸಿಲಿನಲ್ಲಿ ಬರೆದು ಹಿಂದಿರುಗಿಸಿದರೆ, ಉತ್ತರವಿರುವ ವಾಕ್ಯಗಳು ಕರ್ತರಿಗೆ ತಿರುಗುತ್ತವೆ. ಉತ್ತರವಿಲ್ಲದವು ಯಾವುವೆಂಬುದು ಸಂಶೋಧಕನಿಗೇ ತಿಳಿಯುತ್ತದೆ.